ಆ ಮಾಡೆಲ್ ಮಾಡಿದ್ಯಾರು?

ದಾವಣಗೆರೆಯ ತಾಯಿಯೊಬ್ಬರು ಬರೆದಿದ್ದಾರೆ. ಮಗ 10 ವರ್ಷದವನು, ಐದನೇ ಕ್ಲಾಸು. ನವೋದಯ ಪರೀಕ್ಷೆಯ 80 ಪ್ರಶ್ನೆಗಳಿಗೆ 2 ಗಂಟೆ ಕೊಟ್ಟರೆ ಒಂದೇ ಗಂಟೆಯಲ್ಲಿ ಬರೆದಿಟ್ಟು ಏಳುತ್ತಾನೆ. ಮೊನ್ನೆ ಟೀಚರ್ ಕರೆಸಿ ಹೇಳಿದ್ದು ಬೇರೆಯದೇ ಸುದ್ದಿ. ಲೆಕ್ಕಕ್ಕೆ 5 ರೂಪಾಯಿಯಂತೆ ಕ್ಲಾಸಿನವರ ಹೋಂವರ್ಕ್ ಮಾಡಿಕೊಡುತ್ತಿದ್ದನಂತೆ. ಕಂಪಾಸ್ ಬಾಕ್ಸಿನಲ್ಲಿ 140 ರೂಪಾಯಿ ಸಿಕ್ಕಿದೆ. ಬೈದರೆ, "ಟ್ಯೂಷನ್ ಸರ್ರೂ ದುಡ್ಡು ತಗೊಂಡೇ ಲೆಕ್ಕ ಹೇಳ್ತಾರಲ್ಲ" ಅಂದನಂತೆ. ಇಷ್ಟು ಬುದ್ಧಿವಂತನಿಗೆ ಸರಿ ತಪ್ಪು ತಿಳಿಯಲ್ವಾ, ಕೌನ್ಸೆಲಿಂಗ್ ಕೊಡಿಸಲಾ ಅಂತ ಕೇಳಿದ್ದೀರಿ.

ಮೂರು ಪುಟದ ಪತ್ರದಲ್ಲಿ ನಾನು ನಿಂತಿದ್ದು ಒಂದೇ ಸಾಲಿನಲ್ಲಿ: "ಸೈನ್ಸ್ ಎಕ್ಸಿಬಿಷನ್‌ನಲ್ಲೂ ಫಸ್ಟ್ ಪ್ರೈಜ್ ಬಂತು, ಟೈಮ್ ಇರಲಿಲ್ಲ ಅಂತ ಮಾಡೆಲ್ ನಮ್ಮಣ್ಣ ಹೊರಗಡೆ ಮಾಡಿಸಿದ್ರು." ಭದ್ರಾ ಡ್ಯಾಮಂತೆ. ಥರ್ಮಾಕೋಲ್ ಗೋಡೆ, ನೀಲಿ ನಾಲೆ, ಸ್ವಿಚ್ ಒತ್ತಿದರೆ ಕೊನೇ ಗದ್ದೆಗೂ ನೀರು. (ಅಸಲಿ ನಾಲೆಯಲ್ಲೂ ಹಾಗೆ ಬಂದಿದ್ದರೆ ನಮ್ಮ ರೈತರು ರಸ್ತೆಗಿಳಿಯುತ್ತಿರಲಿಲ್ಲ, ಇರಲಿ.)

ಟ್ಯೂಷನ್ ಸರ್ ಕಲಿಸೋಕೆ ದುಡ್ಡು ತಗೋತಾರೆ, ನೀನು ಕ್ಲಾಸಿನವರು ಕಲಿಯದೇ ಇರೋಕೆ ತಗೊಂಡೆ ಅಂತ ಹೇಳಬಹುದಿತ್ತು. ಶೋಕೇಸಿನಲ್ಲಿ ಆ ಶೀಲ್ಡು ಇಟ್ಟುಕೊಂಡು ಯಾವ ಬಾಯಲ್ಲಿ ಹೇಳ್ತೀರಿ? ಹುಡುಗ ಟ್ಯೂಷನ್ ಸರ್ ಹೆಸರೆತ್ತಿದ, ಮಾಡೆಲ್ ಸುದ್ದಿ ಎತ್ತಲಿಲ್ಲ. ನಿಮ್ಮ ಮರ್ಯಾದೆ ಉಳಿಸಿದ್ದಾನೆ.

ಪಿಯಾಜೆ ಎಂಬ ಸ್ವಿಸ್ ಮನಶ್ಶಾಸ್ತ್ರಜ್ಞ 1932ರ ಪುಸ್ತಕದಲ್ಲಿ ಮಕ್ಕಳಿಗೆ ಕೇಳಿದ ಪ್ರಶ್ನೆಯೊಂದಿದೆ. ಒಬ್ಬ ಹುಡುಗ ಗೊತ್ತಿಲ್ಲದೆ ಬಾಗಿಲು ತಳ್ಳಿ 15 ಕಪ್ಪು ಒಡೆದ. ಇನ್ನೊಬ್ಬ ಕದ್ದು ಜಾಮ್ ತಿನ್ನಲು ಹೋಗಿ ಒಂದು ಒಡೆದ. ಯಾರ ತಪ್ಪು ದೊಡ್ಡದು? ಚಿಕ್ಕವರು ಒಡೆದ ಕಪ್ಪು ಎಣಿಸಿದರು. ಒಂಬತ್ತು ಹತ್ತರ ಹೊತ್ತಿಗೆ ಮಕ್ಕಳು ಉದ್ದೇಶ ನೋಡತೊಡಗುತ್ತಾರೆ. ನಿಮ್ಮ ಮಗ ಆ ವಯಸ್ಸಿಗೆ ಬಂದಿದ್ದಾನೆ. 140 ರೂಪಾಯಿ ಎಣಿಸುತ್ತಾ ಕೂತಿರೋರು ನೀವು.

ಇವನು ಮುಂದೆ ಕಳ್ಳನಾಗ್ತಾನೆ ಅನ್ನೋ ಭಯ ಬಿಡಿ. 1928ರಲ್ಲಿ ಅಮೆರಿಕದ ಹಾರ್ಟ್‌ಶಾರ್ನ್ ಮತ್ತು ಮೇ ಸಾವಿರಾರು ಶಾಲಾ ಮಕ್ಕಳನ್ನು ಪರೀಕ್ಷಿಸಿದಾಗ, ಒಂದು ಕಡೆ ನೆಟ್ಟಗಿದ್ದ ಮಗುವೇ ಇನ್ನೊಂದು ಕಡೆ ಮೋಸ ಮಾಡಿತ್ತು. ಯಾವ ಜಾಗದಲ್ಲಿ ಏನು ನಡೆಯುತ್ತೆ ಅಂತ ಮಕ್ಕಳು ನೋಡಿಕೊಂಡಿರುತ್ತಾರೆ. ನನಗೆ ಪಾಪ ಅನಿಸಿದ್ದು ಮಂಡಕ್ಕಿ ಮಿರ್ಚಿ ದುಡ್ಡು ತಂದು ಇವನ ಕೈಗಿಟ್ಟ ಹುಡುಗರ ಬಗ್ಗೆ. ಲೆಕ್ಕವೂ ಬರಲಿಲ್ಲ, ಹೊಟ್ಟೆಗೂ ಇಲ್ಲ.

ನಿಮ್ಮಣ್ಣನ ಮೇಲೆ ಮಾತ್ರ ನನಗೆ ಸಿಟ್ಟಿದೆ. ವಿಷಯ ಕೇಳಿ "ನನ್ನಳಿಯ ಮಂಡಿಪೇಟೆಲಿ ಅಂಗಡಿ ಇಡ್ತಾನೆ ಬಿಡು" ಅಂತ ನಕ್ಕರಂತೆ. ಮನೆಗೆ ಯಾರೇ ಬರಲಿ, 19ರ ಮಗ್ಗಿ ಹೇಳಿಸೋರೂ ಅವರೇ. ನೆಂಟರ ಮುಂದೆ ಮಕ್ಕಳ ಕೈಲಿ ಮಗ್ಗಿ ಹೇಳಿಸಬೇಡಿ ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೋ!

ಕೌನ್ಸೆಲಿಂಗ್ ಬೇಡ. ಸೋಮವಾರ ಶೀಲ್ಡು, ಸರ್ಟಿಫಿಕೇಟು ಹಿಡಿದುಕೊಂಡು ಮಗನ ಜೊತೆ ಶಾಲೆಗೆ ಹೋಗಿ. "ಮಾಡೆಲ್ ದುಡ್ಡು ಕೊಟ್ಟು ಮಾಡಿಸಿದ್ದು, ತಪ್ಪು ನಮ್ಮದು" ಅಂತ ಸೈನ್ಸ್ ಟೀಚರಿಗೆ ನೀವೇ ಹೇಳಿ, ಅವನ ಕೈಲಿ ಹೇಳಿಸಬೇಡಿ. 140 ರೂಪಾಯಿ ಏನು ಮಾಡೋಣ ಅಂತ ವಾಪಸ್ ಬರುವಾಗ ಅವನನ್ನೇ ಕೇಳಿ. ನಿಮ್ಮಣ್ಣನೂ ಬರಲಿ. ಮಾಡೆಲ್ ಮಾಡಿಸೋಕೆ ಬಿಡುವಿತ್ತಲ್ಲ, ಇದಕ್ಕೂ ಮಾಡಿಕೊಳ್ಳಲಿ.