ಆಫ್ರಿಕಾದಿಂದ ರಜೆಗೆ ಬಂದ ಅಣ್ಣನಿಗೆ ಜ್ವರ. ಸೋಮವಾರದವರೆಗೆ ಮಲೇರಿಯಾದ ಔಷಧ ಕ್ಲೋರೋಕ್ವಿನ್ ಕೊಟ್ಟು ಕಾಯಬಹುದೇ?

ಕೊಡಲೂಬೇಡಿ, ಕಾಯಲೂಬೇಡಿ. ದಕ್ಷಿಣ ಸುಡಾನಿನಿಂದ ಜಗಳೂರಿಗೆ ಬಂದು ಎರಡು ವಾರ, ಬಂದೊಡನೆ ಮಲೇರಿಯಾ ತಡೆಯುವ ಗುಳಿಗೆ ಬಿಟ್ಟಿದ್ದಾರೆ, ‘ನಮ್ಮ ಬಯಲುಸೀಮೆಯಲ್ಲಿ ಎಲ್ಲಿಯ ಮಲೇರಿಯಾ’ ಎನ್ನುತ್ತಾರೆ ಎಂದು ಬರೆದಿದ್ದೀರಿ. ನಾನೂ ಇದೇ ಮಾತು ಆಡಿದ್ದೆ.

ನಾನು ಭರಮಸಾಗರದ ಕಡೆಯವನು, ನಿವೃತ್ತ ಹವಾಲ್ದಾರ. ಕಾಂಗೋದ ಉತ್ತರ ಕಿವು ಪ್ರಾಂತ್ಯದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದು, ಉಗಾಂಡಾದ ಎಂಟೆಬ್ಬೆಯಲ್ಲಿ ವಿಮಾನ ಹತ್ತಿ ಊರಿಗೆ ಬಂದೆ. ಅಲ್ಲಿದ್ದಾಗ ಮಲೇರಿಯಾ ಬಾರದಂತೆ ದಿನಕ್ಕೊಂದು ಡಾಕ್ಸಿಸೈಕ್ಲಿನ್ ಗುಳಿಗೆ ತಪ್ಪುತ್ತಿರಲಿಲ್ಲ. ಬರಿಹೊಟ್ಟೆಯಲ್ಲಿ ನುಂಗಿದರೆ ಎದೆಯ ನಡುವೆ ಕೆಂಡವಿಟ್ಟಂತೆ ಉರಿ. ಬಿಸಿಲಿಗೆ ನಿಂತರೆ ಮುಂಗೈ ಕೆಂಪಾಗಿ ಚರ್ಮ ಸುಲಿಯುತ್ತಿತ್ತು. ಊರಿಗೆ ಹೋದ ಮೇಲೂ ನಾಲ್ಕು ವಾರ ನುಂಗಬೇಕೆಂದು ಹೇಳಿ, ಗುಳಿಗೆಯನ್ನೂ ಕೊಟ್ಟು ಕಳಿಸಿದ್ದರು. ಮನೆಯಲ್ಲಿ ಅವ್ವ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಾ, “ಇನ್ನೂ ಏಕಪ್ಪಾ ಆ ಉಷ್ಣದ ಗುಳಿಗೆ?” ಎಂದಳು. ಗುಳಿಗೆಯ ಪಟ್ಟಿ ಟ್ರಂಕಿನಲ್ಲಿ ಸಮವಸ್ತ್ರದ ಕೆಳಗೆ ಸೇರಿತು. ಮತ್ತೆ ತೆಗೆಯಲಿಲ್ಲ.

ಆ ನಾಲ್ಕು ವಾರ ಏಕೆ ಎಂಬುದನ್ನು ನಿಮ್ಮ ಅಣ್ಣನಿಗೆ ಓದಿ ಹೇಳಿ. ಸೊಳ್ಳೆ ಕಚ್ಚಿದೊಡನೆ ಮಲೇರಿಯಾದ ರೋಗಾಣು ರಕ್ತದಲ್ಲಿ ಉಳಿಯುವುದಿಲ್ಲ, ನೇರವಾಗಿ ಯಕೃತ್ತಿಗೆ ಹೋಗಿ ಅಡಗುತ್ತದೆ. ಅಲ್ಲಿ ಒಂದು ವಾರವೋ ಇನ್ನೂ ಹೆಚ್ಚೋ ಸದ್ದಿಲ್ಲದೆ ಬೆಳೆಯುತ್ತದೆ. ಡಾಕ್ಸಿಸೈಕ್ಲಿನ್ ಅದನ್ನು ಮುಖ್ಯವಾಗಿ ಕೊಲ್ಲುವುದು ಯಕೃತ್ತಿನಿಂದ ಹೊರಬಿದ್ದು ರಕ್ತಕ್ಕೆ ಇಳಿದಾಗ. ಅಂದರೆ, ಎಂಟೆಬ್ಬೆಯಲ್ಲಿ ಕಳೆದ ಕೊನೆಯ ರಾತ್ರಿ ಸೊಳ್ಳೆ ಕಚ್ಚಿದ್ದರೂ ಆ ರೋಗಾಣು ರಕ್ತಕ್ಕೆ ಇಳಿಯುವ ಹೊತ್ತಿಗೆ ನಾವು ಊರ ಕಟ್ಟೆಯ ಮೇಲೆ ಕುಳಿತಿರುತ್ತೇವೆ. ಗುಳಿಗೆಯ ನಿಜವಾದ ಕೆಲಸ ಶುರುವಾಗುವುದೇ ಆಗ. ಅಲ್ಲಿ ಅಷ್ಟು ಕಾಲ ನಿಷ್ಠೆಯಿಂದ ನುಂಗಿ, ಇಲ್ಲಿ ಬಿಟ್ಟರೆ ಆ ಕೊನೆಯ ದಿನಗಳ ಕಡಿತಕ್ಕೆ ಯಾವ ಕಾವಲೂ ಇರುವುದಿಲ್ಲ. ನಮ್ಮೂರಿನಲ್ಲಿ ಸೊಳ್ಳೆ ಇದೆಯೋ ಇಲ್ಲವೋ ಎಂಬ ಚರ್ಚೆಯೇ ಇಲ್ಲಿ ಬೇಡ. ರೋಗ ಬಂದಿರುವುದು ನಮ್ಮ ಮೈಯೊಳಗೇ ಕುಳಿತು.

ನನಗೆ ಜ್ವರ ಬಂದಾಗ, ಮಲೇರಿಯಾ ಎಂದರೆ ಜನ ಹೇಳುವಂತೆ ದಿನ ಬಿಟ್ಟು ದಿನ ಬರಲಿಲ್ಲ, ಹೊತ್ತುಗೊತ್ತಿಲ್ಲದೆ ಬಂತು. ಒಂದು ಕ್ಲಿನಿಕ್ಕಿನಲ್ಲಿ ವಿಡಾಲ್ ಎಂಬ ರಕ್ತಪರೀಕ್ಷೆ ಪಾಸಿಟಿವ್ ಎಂದು ಟೈಫಾಯಿಡ್‌ಗೆ ಔಷಧ ಕೊಟ್ಟರು. ಪ್ಲೇಟ್‌ಲೆಟ್ ಇಳಿದಾಗ ಡೆಂಗಿ ಎಂದು ಡ್ರಿಪ್ ಹಾಕಿದರು. ಮಲೇರಿಯಾದಲ್ಲೂ ವಿಡಾಲ್ ಪಾಸಿಟಿವ್ ಬರಬಹುದು, ಪ್ಲೇಟ್‌ಲೆಟ್ ಇಳಿಯುವುದಂತೂ ಸಾಮಾನ್ಯ. ಎಲ್ಲಿಂದ ಬಂದಿರಿ ಎಂದು ಯಾರೂ ಕೇಳಲಿಲ್ಲ. ಕಣ್ಣು ಹಳದಿಯಾಗಿ, ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ನಾನು ತೊದಲತೊಡಗಿದ ಮೇಲೆ ಭಾವ ದಾವಣಗೆರೆಗೆ ಕರೆತಂದರು. ರಕ್ತಲೇಪನ, ಅಂದರೆ ಗಾಜಿನ ಮೇಲೆ ಸವರಿದ ರಕ್ತ, ನೋಡುತ್ತಿದ್ದ ಪ್ರಯೋಗಾಲಯದ ಹುಡುಗ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, “ಇವರು ಯಾವ ದೇಶದಲ್ಲಿದ್ದರು?” ಎಂದನಂತೆ. ಭಾವನಿಗೂ ತೋರಿಸಿದ: ಒಂದೊಂದು ರಕ್ತಕಣದೊಳಗೆ ಎರಡೆರಡು ಸಣ್ಣ ಉಂಗುರ. ಫಾಲ್ಸಿಪ್ಯಾರಮ್, ಮಲೇರಿಯಾದಲ್ಲೇ ಅತಿ ಅಪಾಯದ ಜಾತಿ. ರಕ್ತನಾಳಕ್ಕೆ ಆರ್ಟಿಸುನೇಟ್ ಚುಚ್ಚುಮದ್ದು ಕೊಟ್ಟು ಉಳಿಸಿದರು. ಆದರೆ ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಆಯಿತು, ಸೇನೆಯಲ್ಲಿ ವೈದ್ಯಕೀಯ ಶ್ರೇಣಿ ಇಳಿಯಿತು, ನಾಯಬ್ ಸುಬೇದಾರ್ ಬಡ್ತಿ ಕೈತಪ್ಪಿತು.

ಬೆಂಗಳೂರಿನ ಸೇನಾ ಆಸ್ಪತ್ರೆಯೋ ದಾವಣಗೆರೆಯ ಖಾಸಗಿ ಆಸ್ಪತ್ರೆಯೋ ಎಂದು ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಡಿ. ಫಾಲ್ಸಿಪ್ಯಾರಮ್ ಒಂದೆರಡು ದಿನದಲ್ಲೇ ಮಿದುಳಿಗೆ ಏರಬಹುದು. ಇವತ್ತೇ ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಹೋಗಿ. ಚೀಟಿ ಮಾಡಿಸುವಾಗಲೇ ‘ಆಫ್ರಿಕಾದಿಂದ ಬಂದವರು, ಗುಳಿಗೆ ಬಿಟ್ಟಿದ್ದಾರೆ’ ಎಂದು ಹೇಳಿ, ವೈದ್ಯರಿಗೂ ಹೇಳಿ, ಪ್ರಯೋಗಾಲಯದಲ್ಲೂ ಹೇಳಿ. ಕ್ಲೋರೋಕ್ವಿನ್ ಆಫ್ರಿಕಾದ ಫಾಲ್ಸಿಪ್ಯಾರಮ್ ಎದುರು ನಂಬುವಂಥದ್ದಲ್ಲ. ನುಂಗಿಸಿದರೆ ಜ್ವರ ಸ್ವಲ್ಪ ತಗ್ಗಿ ನೀವು ಮೋಸಹೋಗುತ್ತೀರಿ. ಮಲೇರಿಯಾದ ಕ್ಷಿಪ್ರ ಪರೀಕ್ಷೆಯಲ್ಲಿ ನೆಗೆಟಿವ್ ಬಂದರೆ ಮನೆಗೆ ಮರಳಬೇಡಿ. ರಕ್ತಲೇಪನ ಮಾಡಿಸಿ, ಅದೂ ನೆಗೆಟಿವ್ ಆದರೆ ಹನ್ನೆರಡು ಗಂಟೆ ಬಿಟ್ಟು ಮತ್ತೆ ಮಾಡಿಸಿ.

ಇನ್ನೊಂದು ವಿಷಯ. ಮಲೇರಿಯಾದ ವೈವಾಕ್ಸ್, ಓವೇಲ್ ಎಂಬ ಜಾತಿಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಆಮೇಲೆ ಏಳುತ್ತವೆ, ಹಾಗೆ ಮಲಗಿರುವವನ್ನು ಡಾಕ್ಸಿಸೈಕ್ಲಿನ್ ಮುಟ್ಟುವುದಿಲ್ಲ. ಅದಕ್ಕೆ ಪ್ರಿಮಾಕ್ವಿನ್ ಬೇಕು. ಆದರೆ ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಅದರಿಂದ ರಕ್ತಕಣ ಒಡೆಯುತ್ತದೆ. ಪ್ರಿಮಾಕ್ವಿನ್ ಬರೆದುಕೊಟ್ಟರೆ, ಮೊದಲ ಗುಳಿಗೆ ನುಂಗುವ ಮುನ್ನ ಜಿ6ಪಿಡಿ ಪರೀಕ್ಷೆ ಆಗಿದೆಯೇ ಎಂದು ಕೇಳಿ.