ಓದುಗರ ಪ್ರಶ್ನೆ, ನಮ್ಮ ಉತ್ತರ: ಅಲ್ಯೂಮಿನಿಯಂ ದೋಣಿಯ ಸಂಗತಿಗಳು

ಕೆರೆಯ ಕೆಲಸಕ್ಕೆ ಬಳಸುವ ಸಣ್ಣ ಅಲ್ಯೂಮಿನಿಯಂ ದೋಣಿಯ ಬಗ್ಗೆ ಹಿಂದಿನ ಸಂಚಿಕೆಯೊಂದರಲ್ಲಿ ನಾಲ್ಕು ಸಾಲು ಬರೆದ ಮೇಲೆ, ಸಮುದ್ರದಿಂದ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರವಿರುವ ಬೆಂಗಳೂರಿನಿಂದ ಇಷ್ಟೊಂದು ದೋಣಿಯ ಪತ್ರಗಳು ಬರುತ್ತವೆಂದು ನಾವು ಎಣಿಸಿರಲಿಲ್ಲ. ಈ ಸಂಚಿಕೆಯ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕೆರೆಗಳಿಂದ ಕಳೆ ತೆಗೆಯುವ ಗುತ್ತಿಗೆ ಕೆಲಸಕ್ಕಾಗಿ ಮೂರು ವರ್ಷಗಳ ಹಿಂದೆ 14 ಅಡಿ ಉದ್ದದ, 3 ಮಿ.ಮೀ. ತಗಡಿನ ದೋಣಿಯೊಂದನ್ನು ಮಾಡಿಸಿದೆ. ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂದು ಮಾಡಿಕೊಟ್ಟವರು ಹೇಳಿದ್ದರು. ಮೊನ್ನೆ ಕಾಲಿಡುವ ಪ್ಲೈವುಡ್ ಹಲಗೆಯನ್ನು ಎತ್ತಿ ನೋಡಿದರೆ ಕೆಳಗೆಲ್ಲ ಬಿಳಿ ಪುಡಿ, ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಕುಳಿಗಳು. ಮೋಟರ್ ಕೂರಿಸಿರುವ ಬೋಲ್ಟುಗಳ ಸುತ್ತಲೂ ಹಾಗೆಯೇ ಆಗಿದೆ. ನಮ್ಮ ಕೆರೆಗಳ ಕೊಳಚೆ ನೀರೇ ಇದಕ್ಕೆ ಕಾರಣವೇ?
(ಗುತ್ತಿಗೆದಾರರೊಬ್ಬರು, ವರ್ತೂರು)

ಉತ್ತರ: ಕೆರೆಯ ನೀರಿನದು ಸ್ವಲ್ಪ ಪಾಲು, ಪ್ಲೈವುಡ್ಡಿನದೇ ದೊಡ್ಡ ಪಾಲು. ಅಲ್ಯೂಮಿನಿಯಂ ತುಕ್ಕು ಹಿಡಿಯದ ಲೋಹವೇನಲ್ಲ. ಗಾಳಿ ತಗುಲಿದ ಕೂಡಲೇ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆಯೊಂದು ಕಟ್ಟಿಕೊಳ್ಳುತ್ತದೆ, ಗೀಚಿದರೂ ಮತ್ತೆ ಬೆಳೆಯುತ್ತದೆ, ಒಳಗಿನ ಲೋಹವನ್ನು ಕಾಯುವುದು ಅದೇ. ಆ ಪೊರೆ ಮತ್ತೆ ಮತ್ತೆ ಬೆಳೆಯಲು ಆಮ್ಲಜನಕ ಬೇಕು. ನಿಮ್ಮ ದೋಣಿಯಲ್ಲಿ ತಗಡಿಗೂ ಹಲಗೆಗೂ ನಡುವೆ ಒದ್ದೆ ಹೂಳು, ಕಳೆಯ ಬೇರಿನ ಚೂರು, ನೆನೆದ ಮರದ ಪುಡಿ ಎಲ್ಲ ಸೇರಿ ಮುಲಾಮಿನ ಪಟ್ಟಿಯಂತೆ ಮೆತ್ತಿಕೊಂಡು ಕುಳಿತಿವೆ. ಗಾಳಿಯಾಡದ ಆ ತೇವದಲ್ಲಿ ಪೊರೆ ಒಂದೊಂದು ಚುಕ್ಕೆಯಲ್ಲಿ ಸೋಲುತ್ತದೆ, ಸೋತ ಚುಕ್ಕೆ ಕುಳಿಯಾಗಿ ಆಳಕ್ಕೆ ಇಳಿಯುತ್ತದೆ. ಹುಳು ಹಿಡಿಯಬಾರದೆಂದು ತಾಮ್ರದ ಲವಣ ಕುಡಿಸಿದ ಪ್ಲೈವುಡ್ ಆಗಿದ್ದರಂತೂ ಹಾನಿ ಇನ್ನೂ ಬೇಗ, ಏಕೆಂದರೆ ಅಲ್ಯೂಮಿನಿಯಂಗೆ ತಾಮ್ರದಷ್ಟು ಕೆಟ್ಟ ನೆರೆ ಬೇರೆ ಕಡಿಮೆ. ದೋಣಿಯ ತಳದಲ್ಲಿ ಬಿದ್ದು ಮರೆತುಹೋದ ಒಂದು ತುಂಡು ವೈರ್, ಹಿತ್ತಾಳೆಯ ಮೊಳೆ, ಕೊನೆಗೆ ಜೇಬಿನಿಂದ ಜಾರಿದ ಹಳದಿ ಬಣ್ಣದ ಐದು ರೂಪಾಯಿ ನಾಣ್ಯವೂ ತೇವ ಸಿಕ್ಕರೆ ತನ್ನ ಕೆಳಗಿನ ತಗಡನ್ನು ತಿನ್ನಿಸುತ್ತದೆ.

ನೀರಿನ ಪಾಲು ಎಷ್ಟೆಂದರೆ, ಈ ಪೊರೆ ನೆಮ್ಮದಿಯಾಗಿರುವುದು ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಮೇಲೆ ಕ್ಷಾರ) ಸುಮಾರು 4ರಿಂದ 8.5ರವರೆಗಿನ ನೀರಿನಲ್ಲಿ. ಕೊಳಚೆ ಸೇರಿ ಪಾಚಿಯಿಂದ ಹಸಿರುಗಟ್ಟಿದ ಕೆರೆಯಲ್ಲಿ ಬಿಸಿಲೇರಿದಂತೆ ಪಾಚಿ ನೀರಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತಿಗೆ ಪಿಎಚ್ 9ನ್ನು ದಾಟುವುದುಂಟು. ಹೀಗಾಗಿ ಕೆಲಸವಿಲ್ಲದ ದಿನಗಳಲ್ಲೂ ದೋಣಿಯನ್ನು ನೀರಿನಲ್ಲೇ ಕಟ್ಟಿಹಾಕುವ ಅಭ್ಯಾಸವನ್ನು ಬಿಡಬೇಕು. ದಡಕ್ಕೆಳೆದು, ತೊಳೆದು, ಎರಡು ನೀಲಗಿರಿ ಗಳುಗಳ ಮೇಲೆ ಬೋರಲು ಹಾಕಿ. ಏರಿಯ ಮೇಲೆ ಹೊಸದಾಗಿ ಹಾಕಿದ ಕಾಂಕ್ರೀಟಿನ ಮೇಲೆ ಮಾತ್ರ ಇಡಬೇಡಿ, ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಅನ್ನು ನೇರವಾಗಿ ತಿನ್ನುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ಪ್ಲೈವುಡ್ಡನ್ನು ತೆಗೆದುಹಾಕಿ ಅದರ ಜಾಗದಲ್ಲಿ ಕಾಲು ಜಾರದಂತೆ ಮೈಮೇಲೆ ಉಬ್ಬುಗೆರೆಗಳಿರುವ ಅಲ್ಯೂಮಿನಿಯಂ ಚೆಕ್ಕರ್ಡ್ ಪ್ಲೇಟನ್ನು ತಳಕ್ಕೆ ಅಂಟದಂತೆ, ಕೆಳಗೆ ನೀರು ಹರಿದುಹೋಗುವಂತೆ, ವಾರಕ್ಕೊಮ್ಮೆ ಎತ್ತಿ ತೊಳೆಯಲು ಬರುವಂತೆ ಕೂರಿಸಿ. ಬಿಳಿ ಪುಡಿಯನ್ನು ಸ್ಟೇನ್‌ಲೆಸ್ ತಂತಿಯ ಬ್ರಷ್‌ನಿಂದ ಉಜ್ಜಿ. ಸಾಮಾನ್ಯ ಕಬ್ಬಿಣದ ಬ್ರಷ್ ತನ್ನ ಚೂರುಗಳನ್ನು ಬಿಟ್ಟುಹೋಗಿ ಹೊಸ ಕುಳಿಗಳಿಗೆ ಬೀಜ ಬಿತ್ತುತ್ತದೆ. ತಗಡಿನ ಮೂರನೆಯ ಒಂದು ಭಾಗಕ್ಕಿಂತ, ಅಂದರೆ 1 ಮಿ.ಮೀ.ಗಿಂತ, ಆಳವಾದ ಕುಳಿಗಳು ಒತ್ತಾಗಿ ಇರುವ ಕಡೆ ಆ ಭಾಗವನ್ನು ಕತ್ತರಿಸಿ ಹೊಸ ತುಂಡನ್ನು ವೆಲ್ಡ್ ಮಾಡಿಸುವುದೇ ಸರಿ. ಬೋಲ್ಟುಗಳು ಸ್ಟೇನ್‌ಲೆಸ್ ಆಗಿರಲಿ, ಆದರೆ ಅವು ಅಲ್ಯೂಮಿನಿಯಂ ಅನ್ನು ಮುಟ್ಟದಂತೆ ಪ್ಲಾಸ್ಟಿಕ್ ಕೊಳವೆ ಮತ್ತು ವಾಷರ್ ಹಾಕಿ, ಸಂದುಗಳಿಗೆ ಪಾಲಿಯುರೆಥೇನ್ ಸೀಲಂಟ್ ತುಂಬಿ ಬಿಗಿಸಬೇಕು.

ಪ್ರಶ್ನೆ: ನಮ್ಮ ಮನೆಗೆ ಗೇಟು, ಕಿಟಕಿ ಮಾಡಿಕೊಟ್ಟ ಪೀಣ್ಯದ ಫ್ಯಾಬ್ರಿಕೇಟರ್ ಒಬ್ಬರು 12 ಅಡಿಯ ದೋಣಿಯನ್ನೂ ಮಾಡಿಕೊಡುತ್ತೇನೆಂದು ಹೇಳುತ್ತಾರೆ. ‘ಏರೋಪ್ಲೇನ್ ಗ್ರೇಡ್’ ತಗಡು ಅಗ್ಗವಾಗಿ ಸಿಗುತ್ತದೆ ಎಂದೂ ಹೇಳುತ್ತಾರೆ. ಒಪ್ಪಬಹುದೇ?
(ಓದುಗರೊಬ್ಬರು, ದಾಸರಹಳ್ಳಿ)

ಉತ್ತರ: ವಿಮಾನದ ತಗಡನ್ನು ಖಂಡಿತ ಒಪ್ಪಬೇಡಿ. ವಿಮಾನ ಕಾರ್ಖಾನೆಯಿರುವ ನಮ್ಮ ಊರಿನಲ್ಲಿ ಆ ಮಾತಿಗೆ ಒಂದು ತೂಕವಿದೆ, ನಿಜ. ಆದರೆ ವಿಮಾನದ ಕವಚಕ್ಕೆ ಹೆಸರಾದ 2024 ಎಂಬ ಮಿಶ್ರಲೋಹದಲ್ಲಿ ಶೇಕಡಾ 4ರ ಆಸುಪಾಸಿನಲ್ಲಿ ತಾಮ್ರವಿರುತ್ತದೆ. ಆಕಾಶದಲ್ಲಿ ಅದರ ಬಲವೇ ಮುಖ್ಯ, ನೀರಿನಲ್ಲಿ ಅದರ ತಾಮ್ರವೇ ಶತ್ರು. ಮೇಲಾಗಿ ಅದನ್ನು ಸಾಮಾನ್ಯ ವಿಧಾನದಲ್ಲಿ ವೆಲ್ಡ್ ಮಾಡಿದರೆ ಬಿರುಕು ಬಿಡುತ್ತದೆ. ಕಿಟಕಿಯ ಸೆಕ್ಷನ್ನುಗಳಿಗೆ ಬಳಸುವ 6063 ಸಹ ದೋಣಿಯ ತಳಕ್ಕೆ ಬಾರದು. ದೋಣಿಗೆ ಬೇಕಾದದ್ದು ಮೆಗ್ನೀಷಿಯಂ ಬೆರೆತ 5000 ಸಾಲಿನ ಲೋಹ: ಬೇಕಾದಂತೆ ಬಗ್ಗಿಸಲು 5052, ದುಡಿಯುವ ದೋಣಿಗೆ 5083 ಅಥವಾ 5086. ತಗಡಿನೊಂದಿಗೆ ತಯಾರಕರ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಹೊಳಪು ನೋಡಿ ಗ್ರೇಡ್ ಹೇಳುವವರನ್ನು ನಂಬಬೇಡಿ.

ಇನ್ನು ಕೈಗೆಲಸದ ಮಾತು. ಗೇಟಿನ ಕಬ್ಬಿಣವನ್ನು ಚೆನ್ನಾಗಿ ಬೆಸೆಯುವ ಕೈ ಅಲ್ಯೂಮಿನಿಯಂನಲ್ಲಿ ತಡಕಾಡುವುದು ಸಹಜ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದರ ಮೇಲಿನ ಆಕ್ಸೈಡ್ ಪೊರೆ ಕರಗುವುದು 2000 ಡಿಗ್ರಿಯನ್ನೂ ದಾಟಿದ ಮೇಲೆ. ಪೊರೆಯನ್ನು ಉಜ್ಜಿ ತೆಗೆಯದೆ ಬೆಸೆದರೆ ಮೇಲೆ ನೋಡಲು ಚೆಂದದ ಗೆರೆ ಮೂಡುತ್ತದೆ, ಒಳಗೆ ಲೋಹ ಲೋಹಕ್ಕೆ ಸೇರಿರುವುದಿಲ್ಲ. ಅನಿಲದ ರಕ್ಷಣೆಯಲ್ಲಿ ಬೆಸೆಯುವ ಟಿಗ್ ಅಥವಾ ಮಿಗ್ ಯಂತ್ರ, ಅದಕ್ಕೆ ಶುದ್ಧ ಆರ್ಗಾನ್ ಅನಿಲ, 5356 ಅಥವಾ 5183 ಬೆಸುಗೆ ಕಡ್ಡಿ, ಇಷ್ಟಂತೂ ಇರಲೇಬೇಕು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 4043 ಕಡ್ಡಿ 5083ಕ್ಕೆ ಹೊಂದುವುದಿಲ್ಲ, ಬೆಸುಗೆ ಪೆಡಸಾಗುತ್ತದೆ. ಮಳೆಗಾಲದಲ್ಲಿ ತಗಡಿನ ಮೇಲಿನ ತೇವದಿಂದ ಹೈಡ್ರೋಜನ್ ಸೇರಿ ಬೆಸುಗೆಯೊಳಗೆ ಗುಳ್ಳೆಗಳೇಳುವುದರಿಂದ, ಆಷಾಢದಲ್ಲಿ ಈ ಕೆಲಸವನ್ನು ಒಪ್ಪಿಸಬೇಡಿ; ನಮ್ಮ ಈ ಮಾತಿಗೆ ಪಂಚಾಂಗದ ಕಾರಣವೇನೂ ಇಲ್ಲ.

ದೋಣಿಯನ್ನು ಒಪ್ಪಿಕೊಳ್ಳುವ ಮೊದಲು ಹಳೆಯ ಹಡಗುಕಟ್ಟೆಗಳ ಒಂದು ಪರೀಕ್ಷೆ ಮಾಡಿ. ಬೆಸುಗೆಯ ಹೊರಮೈಗೆ ಸೀಮೆಸುಣ್ಣವನ್ನು ನೀರಿನಲ್ಲಿ ಕಲಸಿ ಬಳಿದು ಒಣಗಿಸಿ, ಒಳಮೈಗೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬಿಳುಪಿನ ಮೇಲೆ ಎಣ್ಣೆಯ ಕಲೆ ಮೂಡುತ್ತದೆ. ಪಡಿತರದಂಗಡಿಯಲ್ಲಿ ಈಗ ಸೀಮೆಎಣ್ಣೆ ಸಿಗುವುದಿಲ್ಲವೆಂಬ ಕಷ್ಟವೊಂದೇ.

ಪ್ರಶ್ನೆ: ನಿವೃತ್ತನಾಗಿದ್ದೇನೆ. ಮಕ್ಕಳು, ಮೊಮ್ಮಕ್ಕಳೊಂದಿಗೆ ವಾರಾಂತ್ಯದಲ್ಲಿ ನೀರಿನ ಮೇಲೆ ನಿಧಾನವಾಗಿ ಸುತ್ತಾಡಲು 14 ಅಡಿಯ ಅಲ್ಯೂಮಿನಿಯಂ ದೋಣಿಯನ್ನು ಕೊಳ್ಳುವ ಆಸೆ. ಹೆಸರಘಟ್ಟ ಅಥವಾ ತಿಪ್ಪಗೊಂಡನಹಳ್ಳಿಯಲ್ಲಿ ಇಳಿಸಬಹುದೇ? ಎಷ್ಟು ಜನ ಕೂರಬಹುದು?
(ಹಿರಿಯ ಓದುಗರು, ಯಲಹಂಕ)

ಉತ್ತರ: ಇಳಿಸಬಾರದು. 1890ರ ದಶಕದಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಬೆಂಗಳೂರಿಗೆ ನೀರು ಬಂದದ್ದು. ಅವು ಕುಡಿಯುವ ನೀರಿಗಾಗಿ ಕಟ್ಟಿದ ಜಲಾಶಯಗಳು, ಖಾಸಗಿ ವಿಹಾರದ ಜಾಗಗಳಲ್ಲ. ಕಬಿನಿ ಹಿನ್ನೀರಿನ ದಡದಲ್ಲಿ ನಾಗರಹೊಳೆ, ಬಂಡೀಪುರದ ಕಾಡುಗಳಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ಮಾತೇ ಕೊನೆಯದು. ನಿಮ್ಮ ಬಯಕೆಗೆ ಒಗ್ಗುವುದು ಕರಾವಳಿಯ ನದಿಗಳ ಕೆಳಪಾತ್ರ: ಉಡುಪಿ ಕಡೆಯ ಸ್ವರ್ಣಾ, ಕುಮಟಾ ಬಳಿಯ ಅಘನಾಶಿನಿ, ಕಾರವಾರದ ಕಾಳಿ. ಮೋಟರ್ ಕೂರಿಸಿದ ದೋಣಿಗೆ 1917ರ ಹಳೆಯ ಕಾನೂನಿನ ಜಾಗದಲ್ಲಿ ಬಂದಿರುವ 2021ರ ಒಳನಾಡು ನೌಕಾ ಕಾಯ್ದೆಯಂತೆ ತಪಾಸಣೆ ಮತ್ತು ನೋಂದಣಿ ಬೇಕು. ದೋಣಿಗೆ ಮುಂಗಡ ಕೊಡುವ ಮೊದಲೇ ಅದನ್ನು ವಿಚಾರಿಸಿ. ಸಾಗಿಸುವುದನ್ನೂ ಈಗಲೇ ಯೋಚಿಸಿ. ಟ್ರೇಲರ್ ಸಹ ಮೋಟಾರು ವಾಹನ ಕಾಯ್ದೆಯ ಕಣ್ಣಿನಲ್ಲಿ ಒಂದು ವಾಹನವೇ, ಅದಕ್ಕೂ ನೋಂದಣಿ ಬೇಕು. ಟಾಟಾ ಏಸ್‌ನ ತೊಟ್ಟಿ ಸುಮಾರು 7 ಅಡಿ ಉದ್ದವಿರುವುದರಿಂದ ನಿಮ್ಮ ದೋಣಿಯ ಅರ್ಧ ಹೊರಗೇ ಉಳಿಯುತ್ತದೆ.

ಎಷ್ಟು ಜನ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ನೀರನ್ನು ಮುಟ್ಟುವ ತಳ 3.6 ಮೀಟರ್ ಉದ್ದ, 1.2 ಮೀಟರ್ ಅಗಲವಿದ್ದರೆ, ಮೂತಿಯ ಕಡೆ ಕಿರಿದಾಗುವುದನ್ನು ಕಳೆದು ಸುಮಾರು 4 ಚದರ ಮೀಟರ್ ಆಗುತ್ತದೆ. ಅಂದರೆ ಪ್ರತಿ 40 ಕಿಲೋ ಭಾರಕ್ಕೆ ದೋಣಿ ಒಂದು ಸೆಂಟಿಮೀಟರ್ ಮುಳುಗುತ್ತದೆ. ಇಂಥ ದೋಣಿಗೆ ಹತ್ತು ಚದರ ಮೀಟರ್ ತಗಡು ಬೇಕೆಂದುಕೊಂಡರೆ 3 ಮಿ.ಮೀ. ಅಲ್ಯೂಮಿನಿಯಂ 81 ಕಿಲೋ ತೂಗುತ್ತದೆ. ಅದೇ ದಪ್ಪದ ಕಬ್ಬಿಣವಾದರೆ 235 ಕಿಲೋ. ಪಟ್ಟಿ, ಆಸನ ಸೇರಿ ದೋಣಿ 120 ಕಿಲೋ, ಮೋಟರ್ ಮತ್ತು ಇಂಧನ 50 ಕಿಲೋ, ಐದು ಜನ 300 ಕಿಲೋ. ಒಟ್ಟು 470 ಕಿಲೋಗೆ ದೋಣಿ 12 ಸೆಂಟಿಮೀಟರ್ ಇಳಿಯುತ್ತದೆ. ಪಕ್ಕದ ಗೋಡೆ 50 ಸೆಂಟಿಮೀಟರ್ ಇದ್ದರೆ ಇದು ನೆಮ್ಮದಿಯ ಲೆಕ್ಕವೇ, ಆದರೆ ಎಲ್ಲರೂ ಕುಳಿತಿದ್ದರೆ ಮಾತ್ರ. ಹಕ್ಕಿ ಕಂಡಿತೆಂದು ಐವರೂ ಒಂದೇ ಪಕ್ಕಕ್ಕೆ ಎದ್ದು ಬಂದರೆ ಲೆಕ್ಕವೆಲ್ಲ ತಲೆಕೆಳಗು. ಐದಕ್ಕಿಂತ ಹೆಚ್ಚು ಬೇಡ. ಮೊಮ್ಮಕ್ಕಳಿಗೆ ಅವರ ಅಳತೆಯದೇ ಲೈಫ್ ಜಾಕೆಟ್ ಇರಲಿ, ದೊಡ್ಡವರದನ್ನು ಕಟ್ಟಿದರೆ ನೀರಿನಲ್ಲಿ ಜಾಕೆಟ್ ಮೇಲೇಳುತ್ತದೆ, ಮಗು ಕೆಳಗಿಳಿಯುತ್ತದೆ.

ಮರದ ದೋಣಿಯಂತೆ ಅಲ್ಯೂಮಿನಿಯಂ ದೋಣಿ ತಾನಾಗಿ ತೇಲುವುದಿಲ್ಲ, ನೀರು ತುಂಬಿದರೆ ಮುಳುಗುತ್ತದೆ. 120 ಕಿಲೋದ ದೋಣಿ ನೀರಿನೊಳಗೆ 75 ಕಿಲೋದಷ್ಟು ತೂಗುವುದರಿಂದ, ಅದನ್ನೂ ಮೋಟರನ್ನೂ ತೇಲಿಸಿಡಲು ಆಸನಗಳ ಕೆಳಗೆ ನೀರು ಹೀರದ ಫೋಮ್ ಕನಿಷ್ಠ 100 ಲೀಟರ್ ಗಾತ್ರದಷ್ಟಿರಬೇಕು, ಜನ ಹಿಡಿದುಕೊಳ್ಳಲು ಇನ್ನಷ್ಟು. ವೇಗದ ಆಸೆಗೆ ದೊಡ್ಡ ಮೋಟರ್ ಬೇಡ. ಈ ಉದ್ದದ ದೋಣಿ ನೀರನ್ನು ಸೀಳಿಕೊಂಡು ಸಾಗುವಾಗ ಗಂಟೆಗೆ 8–9 ಕಿ.ಮೀ. ದಾಟಲು ಹೆಣಗುತ್ತದೆ, ಅಲ್ಲಿಂದ ಮುಂದೆ ಇಂಧನ ಉರಿಯುತ್ತದೆಯೇ ಹೊರತು ದೋಣಿ ಅಷ್ಟಾಗಿ ಮುಂದೆ ಹೋಗುವುದಿಲ್ಲ. ಮೋಟರ್ ಕೊಳ್ಳುವಾಗ ದೋಣಿಯ ಹಿಂದಿನ ಗೋಡೆಯ ಎತ್ತರವನ್ನು ಅಳೆದುಕೊಂಡು ಹೋಗಿ. ಮೋಟರಿನಿಂದ ನೀರಿಗಿಳಿಯುವ ಶಾಫ್ಟ್ 15 ಇಂಚಿನದೋ 20 ಇಂಚಿನದೋ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಬ್ಯಾಟರಿಯ ಮೈನಸ್ ತಂತಿಯನ್ನು, ಕಾರಿನಲ್ಲಿ ಮಾಡುವಂತೆ, ದೋಣಿಯ ಮೈಗೆ ಕಟ್ಟಬೇಡಿ. ಸೋರಿದ ವಿದ್ಯುತ್ ತಗಡನ್ನೇ ಕರಗಿಸುತ್ತದೆ. ಅಳಿವೆಯ ನೀರಿನಿಂದ ಮೇಲೆತ್ತಿದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಹಾಗೆಯೇ, ಒಳಗಿನ ನೀರನ್ನು ಹೊರಬಿಡುವ ತೂತಿಗೆ ಹಾಕುವ ತಳದ ಬಿರಡೆಯನ್ನು ಮರೆಯಬೇಡಿ. ಮೊದಲ ಸಲ ದೋಣಿ ಇಳಿಸುವಾಗ ಅದನ್ನು ಹಾಕುವುದನ್ನು ಮರೆತು ಹತ್ತೇ ನಿಮಿಷದಲ್ಲಿ ಮೊಣಕಾಲು ನೀರಿನಲ್ಲಿ ಕುಳಿತವನು ಈ ಅಂಕಣಕಾರನೇ. ಅಂದಿನಿಂದ ಬಿರಡೆಯನ್ನು ಮೋಟರ್ ಕೀಲಿಯ ಜೊತೆಗೇ ಕಟ್ಟಿಟ್ಟಿದ್ದೇನೆ.

ಪ್ರಶ್ನೆ: ಅಲ್ಯೂಮಿನಿಯಂ ದೋಣಿಗೆ ಬಣ್ಣ ಬಳಿಯಲೇಬೇಕೇ? ಸತುವಿನ ತುಂಡು ಕಟ್ಟಬೇಕೆಂದೂ ಹೇಳುತ್ತಾರೆ.
(ಓದುಗರೊಬ್ಬರು, ಕೆಂಗೇರಿ)

ಉತ್ತರ: ಬಳಿಯಬೇಕಿಲ್ಲ. ಬೂದು ಬಣ್ಣಕ್ಕೆ ತಿರುಗಿದ ಬರಿಯ ಲೋಹವೇ ಸಾಕು. ಬಳಿಯುವುದಾದರೆ ಪಾಚಿ ತಡೆಯಲೆಂದು ಮಾರುವ ತಾಮ್ರದ ಬಣ್ಣವನ್ನು ಮಾತ್ರ ಹತ್ತಿರ ಸೇರಿಸಬೇಡಿ. ತಾನು ಸವೆದು ದೋಣಿಯನ್ನು ಉಳಿಸುವ ಆ ತುಂಡು ಉಪ್ಪುನೀರಿಗೆ ಸತುವಿನದು, ಸಿಹಿನೀರಿಗೆ ಮೆಗ್ನೀಷಿಯಂನದು. ಭಾನುವಾರ ನೀರಿಗಿಳಿದು ಸೋಮವಾರ ಶೆಡ್ಡಿಗೆ ಮರಳುವ ದೋಣಿಗೆ ಅದರ ಚಿಂತೆ ಬೇಡ.

ಪ್ರಶ್ನೆ: ರಿವೆಟ್ ಹೊಡೆದ ಹಳೆಯ ದೋಣಿಯೊಂದು ಅರ್ಧ ಬೆಲೆಗೆ ಬಂದಿದೆ. ಸೋರುತ್ತದೆಯೇ ಎಂದು ನೀರಿಗಿಳಿಸದೆ ತಿಳಿಯುವುದು ಹೇಗೆ?
(ಓದುಗರೊಬ್ಬರು, ಹೊಸಕೋಟೆ)

ಉತ್ತರ: ತಳಕ್ಕೆ ಉದ್ದಕ್ಕೂ ಆಸರೆ ಕೊಟ್ಟು, ದೋಣಿಯೊಳಗೆ ನಾಲ್ಕು ಬೆರಳು ನೀರು ತುಂಬಿ, ಕೆಳಗೆ ಮಲಗಿ ನೋಡಿ. ತೊಟ್ಟಿಕ್ಕುವ ರಿವೆಟ್ಟುಗಳಿಗೆ ಗುರುತು ಹಾಕಿ. ಹತ್ತೋ ಹನ್ನೆರಡೋ ಆದರೆ ಒಳಗಿನಿಂದ ಒತ್ತು ಕೊಟ್ಟು ಹೊರಗಿನಿಂದ ಬಡಿದು ಮತ್ತೆ ಬಿಗಿಸಬಹುದು, ಅಥವಾ ಬದಲಿಸಬಹುದು. ಸಾಲುಸಾಲಾಗಿ ಸೋರಿದರೆ, ಅಥವಾ ಯಾರೋ ಕಬ್ಬಿಣದ ಸ್ಕ್ರೂಗಳನ್ನು ತುರುಕಿ ಮೇಲೆ ಎಂ-ಸೀಲ್ ಮೆತ್ತಿರುವುದು ಕಂಡರೆ, ಅರ್ಧ ಬೆಲೆಯೂ ಹೆಚ್ಚು.

ಪ್ರಶ್ನೆ: ಐದು ಎಕರೆಯ ಕೆರೆಯಲ್ಲಿ ಮೀನು ಸಾಕುತ್ತಿದ್ದೇವೆ. ಬಲೆ ಬಿಡಲು, ಮೇವು ಹಾಕಲು ಇಬ್ಬರು ಹೋಗುತ್ತೇವೆ. ಅಲ್ಯೂಮಿನಿಯಂ ದೋಣಿಗೆ ಸಾಲ ಮಾಡಬಹುದೇ?
(ಮೀನು ಸಾಕಣೆದಾರರು, ದೇವನಹಳ್ಳಿ)

ಉತ್ತರ: ಬೇಡ. ಫೈಬರ್ ಹರಿಗೋಲು ಮತ್ತು ಒಂದು ಹುಟ್ಟು ಸಾಕು. ಅದನ್ನು ಇಬ್ಬರೂ ಸೇರಿ ತಲೆಯ ಮೇಲೆ ಹೊತ್ತು ಮನೆಗೆ ತರಬಹುದು.