ಥೆಫ್ಟ್, ರಾಬರಿ, ಬರ್ಗ್ಲರಿ, ಡಕಾಯಿಟಿ: ಎಲ್ಲವೂ ಕಳ್ಳತನವೇ ಅಲ್ವಾ?

ನಿಮ್ಮ ಪ್ರಶ್ನೆ ಇದು: ಈ ನಾಲ್ಕು ಇಂಗ್ಲಿಷ್ ಪದಗಳಿಗೂ ನಿಘಂಟಿನಲ್ಲಿ ಕಳ್ಳತನ, ದರೋಡೆ ಅಂತಲೇ ಇದೆ, ನಿಜವಾಗಿ ವ್ಯತ್ಯಾಸ ಉಂಟಾ? ಕದ್ದ ಮಾಲಿನ ಬೆಲೆ ಜಾಸ್ತಿ ಆದರೆ ಥೆಫ್ಟ್ ಹೋಗಿ ರಾಬರಿ ಆಗುತ್ತದೆಯಾ?

ಬೆಲೆಗೂ ಇದಕ್ಕೂ ಸಂಬಂಧವೇ ಇಲ್ಲ. ಹತ್ತು ಕೋಟಿಯ ವಜ್ರ ಹೋದರೂ ಅದು ಬರೀ ಥೆಫ್ಟ್ ಆಗಿರಬಹುದು. ಚಾಕು ತೋರಿಸಿ ಐವತ್ತು ರೂಪಾಯಿ ಕಿತ್ತುಕೊಂಡರೂ ಅದು ರಾಬರಿ. ಏನು ಹೋಯಿತು ಅನ್ನುವುದನ್ನು ಬಿಡಿ. ಮಾಲೀಕನಿಗೆ ಏನಾಯಿತು, ಮನೆಯ ಬಾಗಿಲಿಗೆ ಏನಾಯಿತು, ಬಂದವರು ಎಷ್ಟು ಜನ? ಪದ ನಿಲ್ಲುವುದು ಇವುಗಳ ಮೇಲೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಪೊಲೀಸರ ಪ್ರೆಸ್ ನೋಟುಗಳನ್ನು ಸುದ್ದಿ ಮಾಡುವುದು ನನ್ನ ಕೆಲಸ. ಹಾಗಾಗಿ ಈ ಪದಗಳ ಜೊತೆ ದಿನಾ ಗುದ್ದಾಟ.

ಥೆಫ್ಟ್ ಅಂದರೆ ಕಳವು. ಮಾಲೀಕನ ಒಪ್ಪಿಗೆ ಇಲ್ಲದೆ, ಅವನ ವಶದಲ್ಲಿರುವ ವಸ್ತುವನ್ನು ಲಪಟಾಯಿಸುವ ಉದ್ದೇಶದಿಂದ ಅಲುಗಾಡಿಸಿದರೆ ಸಾಕು. ಮನೆಗೆ ಒಯ್ಯಬೇಕು ಅಂತೇನಿಲ್ಲ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಇದಕ್ಕೆ ಕೊಟ್ಟ ಉದಾಹರಣೆಗಳು ಓದಲು ಬಲು ಮಜ. ಒಬ್ಬ ಜೇಬಿನಲ್ಲಿ ನಾಯಿಗೆ ಆಸೆ ಹುಟ್ಟಿಸುವ ತಿಂಡಿ ಇಟ್ಟುಕೊಂಡು ಪಕ್ಕದವನ ನಾಯಿಯನ್ನು ಹಿಂದೆ ಬರುವ ಹಾಗೆ ಮಾಡುತ್ತಾನೆ. ಕಳವು ಯಾವಾಗ ಆಯಿತು? ನಾಯಿ ಅವನ ಹಿಂದೆ ಹೊರಟ ಆ ಕ್ಷಣವೇ. ಇನ್ನೊಂದರಲ್ಲಿ, ಹೊತ್ತ ಪೆಟ್ಟಿಗೆಯ ಸಮೇತ ಎತ್ತನ್ನು ಹೊಡೆದುಕೊಂಡು ಹೋಗುತ್ತಾನೆ. ಎತ್ತು ಹೆಜ್ಜೆ ಎತ್ತಿದ ಕೂಡಲೇ ಪೆಟ್ಟಿಗೆಯಲ್ಲಿದ್ದ ನಿಧಿ ಕಳವಾದ ಹಾಗೆ. ಮರ ನೆಲದಲ್ಲಿ ನಿಂತಿರುವವರೆಗೆ ಅದನ್ನು ಕದಿಯಲು ಆಗುವುದಿಲ್ಲ, ಕಡಿದ ಕೂಡಲೇ ಆಗುತ್ತದೆ. ಆದರೆ ದಾರಿಯಲ್ಲಿ ಯಾರ ವಶದಲ್ಲೂ ಇಲ್ಲದೆ ಬಿದ್ದ ಉಂಗುರ ಎತ್ತಿಕೊಂಡರೆ ಥೆಫ್ಟ್ ಅಲ್ಲ. ಅದನ್ನು ನುಂಗಿ ಹಾಕಿದರೆ ಬೇರೆ ಅಪರಾಧ ಆಗಬಹುದು ಅಷ್ಟೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ನಾಯಿ, ಆ ಎತ್ತು ಹಾಗೆಯೇ ಇವೆ. ಸೆಕ್ಷನ್ ನಂಬರ್ ಮಾತ್ರ 378 ಹೋಗಿ 303 ಆಗಿದೆ.

ಈಗ ರಾಬರಿ. ಪೊಲೀಸರ ಕನ್ನಡದಲ್ಲಿ ಇದು ಸುಲಿಗೆ. ಕದಿಯುವುದಕ್ಕಾಗಿ, ಇಲ್ಲವೇ ಕದ್ದದ್ದನ್ನು ಒಯ್ಯುವುದಕ್ಕಾಗಿ ಹೊಡೆದರೆ, ಅಡ್ಡಗಟ್ಟಿ ಹಿಡಿದರೆ, ಈಗಲೇ ಕೊಲ್ಲುತ್ತೇನೆ ಅಂತ ಹೆದರಿಸಿದರೆ ಕಳವು ಸುಲಿಗೆಯಾಗುತ್ತದೆ. ಬಸ್ಸಿನಲ್ಲಿ ನಿಮಗೆ ಗೊತ್ತೇ ಆಗದ ಹಾಗೆ ಪರ್ಸ್ ಎಗರಿಸಿದರೆ ಥೆಫ್ಟ್. ನೀವು ಕೈ ಹಿಡಿದಿರಿ, ಬಿಡಿಸಿಕೊಂಡು ಪರ್ಸ್ ಸಮೇತ ಓಡಲು ಅವನು ನಿಮ್ಮ ಮುಖಕ್ಕೆ ಗುದ್ದಿದ, ಆಗ ಅದೇ ಪರ್ಸ್ ರಾಬರಿಯ ಮಾಲು.

ಇಲ್ಲೇ ಪಕ್ಕದಲ್ಲಿ ಎಕ್ಸ್‌ಟಾರ್ಷನ್ ಅನ್ನುವ ಇನ್ನೊಂದು ಪದ ನಿಂತಿದೆ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಏಕೆಂದರೆ ಎಲ್ಲರೂ ಎಡವುವುದು ಇಲ್ಲಿ. ಎಕ್ಸ್‌ಟಾರ್ಷನ್‌ನಲ್ಲಿ ಹೆದರಿಕೆಯಿಂದ ನೀವೇ ಕೈಯಾರೆ ಕೊಡುತ್ತೀರಿ. ಇದಕ್ಕೂ ಕಾನೂನೇ ಒಂದು ಜೋಡಿ ಉದಾಹರಣೆ ಕೊಟ್ಟಿದೆ. ಒಬ್ಬ ದಾರಿಯಲ್ಲಿ ನಿಮ್ಮ ಮಗುವನ್ನು ಕಿತ್ತುಕೊಂಡು, ಪರ್ಸ್ ಕೊಡದಿದ್ದರೆ ಪ್ರಪಾತಕ್ಕೆ ಎಸೆಯುತ್ತೇನೆ ಅನ್ನುತ್ತಾನೆ. ನೀವು ಕೊಡುತ್ತೀರಿ. ಅದು ರಾಬರಿ. ಇನ್ನೊಬ್ಬ, ಮಗು ನಮ್ಮ ಗ್ಯಾಂಗಿನ ಹತ್ತಿರ ಇದೆ, ಹತ್ತು ಸಾವಿರ ಕಳಿಸದಿದ್ದರೆ ಕೊಲ್ಲುತ್ತೇವೆ ಅನ್ನುತ್ತಾನೆ. ಅದು ಎಕ್ಸ್‌ಟಾರ್ಷನ್. ಅದೇ ಮಗು, ಅದೇ ಭಯ, ಆದರೆ ಮೊದಲನೆಯದರಲ್ಲಿ ಅಪಾಯ ಕಣ್ಣೆದುರೇ ಇದೆ, ಈ ಕ್ಷಣದ್ದು. ನಮ್ಮ ಪತ್ರಿಕೆಗಳಲ್ಲಿ ಎಕ್ಸ್‌ಟಾರ್ಷನ್‌ಗೂ ಸುಲಿಗೆ ಅಂತಲೇ ಬರೆಯುವವರಿದ್ದಾರೆ, ಹಫ್ತಾ ವಸೂಲಿ ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಇಷ್ಟ. ಓದುವವನಿಗೆ ಸಂಗತಿ ತಟ್ಟನೆ ಗೊತ್ತಾಗುತ್ತದೆ.

ಡಕಾಯಿಟಿಗೆ ಲೆಕ್ಕ ಬಲು ಸುಲಭ. ಐದು ಜನ. ನಾಲ್ವರು ಸೇರಿ ಸುಲಿದರೆ ರಾಬರಿ, ಐವರಾದರೆ ಡಕಾಯಿಟಿ. ಮನೆಯೊಳಗೆ ಮೂವರು, ಬಾಗಿಲಲ್ಲಿ ಕಾವಲಿಗೆ ಇಬ್ಬರು ನಿಂತಿದ್ದರೂ ಐದು ಅಂತಲೇ ಲೆಕ್ಕ. ಐವರಲ್ಲಿ ಒಬ್ಬ ದರೋಡೆ ಮಾಡುವಾಗ ಕೊಲೆ ಮಾಡಿದರೆ, ಉಳಿದ ನಾಲ್ವರಿಗೂ ಗಲ್ಲಿನವರೆಗೆ ಶಿಕ್ಷೆ ಆಗಬಹುದು. ಈ ಪದ ಇಂಗ್ಲಿಷಿನದ್ದೂ ಅಲ್ಲ. ನಮ್ಮ ಕಡೆಯ ಡಕಾಯಿತನೇ ಬ್ರಿಟಿಷರ ಬಾಯಲ್ಲಿ ಡಕಾಯಿಟ್ ಆಗಿ ಅವರ ಕಾನೂನು ಸೇರಿಕೊಂಡ. ಲೂಟಿ, ಠಕ್ಕ ಇವೂ ಹಾಗೆಯೇ ಇಂಗ್ಲಿಷಿಗೆ ಹೋದ ಸಂಬಂಧಿಕರು.

'ದರೋಡೆಗೆ ಹೊಂಚು ಹಾಕಿದ್ದ ಐವರ ಬಂಧನ' ಅನ್ನುವ ಸುದ್ದಿ ನೀವು ಓದಿಯೇ ಇರುತ್ತೀರಿ. ಕತ್ತಲಲ್ಲಿ ನಿಂತಿದ್ದರು, ಹತ್ತಿರ ಮಚ್ಚು, ಖಾರದ ಪುಡಿ, ಹಗ್ಗ ಇತ್ತು ಅಂತ ಇರುತ್ತದೆ. ಯಾವಾಗಲೂ ಐವರೇ ಯಾಕೆ ಅಂತ ಯೋಚಿಸಿದ್ದೀರಾ? ರಾಬರಿಗೆ ಬರೀ ತಯಾರಿ ಮಾಡಿಕೊಂಡರೆ ಅದಕ್ಕಂತಲೇ ಒಂದು ಸೆಕ್ಷನ್ ಇಲ್ಲ. ಡಕಾಯಿಟಿಗೆ ಇದೆ. ಅದಕ್ಕಾಗಿ ಒಟ್ಟು ಸೇರುವುದೇ ಅಪರಾಧ, ತಯಾರಿಯೂ ಅಪರಾಧ. ಕೆಲವೊಮ್ಮೆ 'ನಾಲ್ವರು ಸಿಕ್ಕಿದ್ದಾರೆ, ಒಬ್ಬ ಪರಾರಿ' ಅಂತ ಇರುತ್ತದೆ. ಆ ಪರಾರಿಯಾದವನು ಎಷ್ಟು ಮುಖ್ಯ ಅಂತ ಈಗ ಗೊತ್ತಾಯಿತಲ್ಲ! ಪ್ರೆಸ್ ನೋಟಿನಲ್ಲಿ ಆ ಒಬ್ಬನನ್ನು ಕಂಡಾಗಲೆಲ್ಲ ನನಗೆ ಸುಮ್ನೆ ನಗು ಬರುತ್ತದೆ.

ಪೊಲೀಸರ ದಾಖಲೆಯಲ್ಲಿ ದರೋಡೆ ಅಂದರೆ ಈ ಡಕಾಯಿಟಿಯೇ. ನಾವು ಮಾತ್ರ ಎಟಿಎಂ ಒಡೆದರೂ ದರೋಡೆ, ಸರ ಕಿತ್ತರೂ ದರೋಡೆ, ಆಟೊದವನು ನೂರು ರೂಪಾಯಿ ಜಾಸ್ತಿ ಕೇಳಿದರೂ ಹಗಲು ದರೋಡೆ ಅನ್ನುತ್ತೇವೆ. ಮಾತಿನಲ್ಲಿ ಇರಲಿ, ಹೆಡ್‌ಲೈನಿನಲ್ಲಿ ಬೇಡ ಅನ್ನುವುದು ನನ್ನ ಹಟ.

ಬರ್ಗ್ಲರಿ ಬೇರೆ ಜಾತಿ. ಅಲ್ಲಿ ಮುಖ್ಯ ಪಾತ್ರ ಮನೆ. ಇಂಗ್ಲೆಂಡಿನ ಹಳೇ ಕಾನೂನಿನಲ್ಲಿ ಬರ್ಗ್ಲರಿ ಆಗಬೇಕಾದರೆ ರಾತ್ರಿಯೇ ಆಗಬೇಕಿತ್ತು, ವಾಸದ ಮನೆಯನ್ನೇ ಒಡೆಯಬೇಕಿತ್ತು. 1968ರ ಥೆಫ್ಟ್ ಆ್ಯಕ್ಟ್ ಬಂದ ಮೇಲೆ ಅಲ್ಲಿ ಕದಿಯುವ ಉದ್ದೇಶದಿಂದ ಕಟ್ಟಡದೊಳಗೆ ಅಕ್ರಮವಾಗಿ ಕಾಲಿಟ್ಟರೂ ಸಾಕು. ಏನೂ ಸಿಗದೆ ಬರಿಗೈಲಿ ಹೊರಬಂದರೂ ಅದು ಬರ್ಗ್ಲರಿಯೇ. ನಮ್ಮಲ್ಲಿ ಇದಕ್ಕೆ ಹೌಸ್ ಬ್ರೇಕಿಂಗ್ ಅನ್ನುತ್ತಾರೆ. ಕನ್ನಡದಲ್ಲಂತೂ ಚೆಂದದ ಪದ ಇದೆ: ಕನ್ನ ಕಳವು. ಠಾಣೆಯಲ್ಲಿ ಹಗಲು ಕನ್ನ ಕಳವು, ರಾತ್ರಿ ಕನ್ನ ಕಳವು ಅಂತ ಬೇರೆ ಬೇರೆ. ಗೋಡೆ ಕೊರೆದು ಒಳಗೆ ನುಗ್ಗುವುದೇ ಕನ್ನ. ವಚನಕಾರರಲ್ಲಿ ಕನ್ನದ ಮಾರಿತಂದೆ ಅನ್ನುವವರಿದ್ದರು. ಹೆಸರೇ ಹಳೇ ಕಸುಬನ್ನು ಹೇಳುತ್ತದೆ.

ಬರ್ಗ್ಲರಿ ಪದ ನಮ್ಮ ಜೇಬಿಗೆ ತಟ್ಟುವುದು ವಿಮೆಯಲ್ಲಿ. ಅಂಗಡಿಗೆ ಬರ್ಗ್ಲರಿ ಇನ್ಶೂರೆನ್ಸ್ ಮಾಡಿಸುತ್ತಾರೆ. ಆಮೇಲೆ ಮಾಲು ಹೋಗುತ್ತದೆ, ಬೀಗ ಮಾತ್ರ ಹಾಗೇ ಇರುತ್ತದೆ. ಬಲವಂತವಾಗಿ ಒಳನುಗ್ಗಿ ಕದ್ದರೆ ಮಾತ್ರ ಬರ್ಗ್ಲರಿ ಅಂತ ಪಾಲಿಸಿಯಲ್ಲಿ ಬರೆದಿದ್ದರೆ ದುಡ್ಡು ಬರುವುದಿಲ್ಲ. 2004ರಲ್ಲಿ ಇಂಥದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ಪಾಲಿಸಿಯಲ್ಲಿ ಬರೆದ ಅರ್ಥವೇ ಲೆಕ್ಕ ಅಂತ ಹೇಳಿ ವಿಮಾ ಕಂಪನಿಯ ಪರ ತೀರ್ಪು ಕೊಟ್ಟಿತು. ಪ್ರೀಮಿಯಂ ಕಟ್ಟುವ ಮೊದಲು ಥೆಫ್ಟ್ ಕೂಡ ಸೇರಿದೆಯಾ ಅಂತ ಕೇಳಿಕೊಳ್ಳಿ.

ಸರಗಳ್ಳತನ? ಮೊದಲು ಅದನ್ನು ಥೆಫ್ಟ್ ಅನ್ನಬೇಕೋ ರಾಬರಿ ಅನ್ನಬೇಕೋ ಅಂತ ಜಗ್ಗಾಟ ಇತ್ತು. ಈಗ ಹೊಸ ಸಂಹಿತೆಯ 304ನೇ ಸೆಕ್ಷನ್ನಿನಲ್ಲಿ ಸ್ನ್ಯಾಚಿಂಗ್ ಅಂತ ಬೇರೆಯೇ ಇದೆ. ಇನ್ನು ಓಟಿಪಿ ಕೇಳಿ ದುಡ್ಡು ಹೊಡೆಯುವುದು ಈ ಯಾವುದೂ ಅಲ್ಲ, ಚೀಟಿಂಗ್.

ಇಂಗ್ಲಿಷ್ ಬರೆಯುವಾಗ ಇನ್ನೊಂದು ನೆನಪಿಡಿ. ಸ್ಟೀಲ್ ಮಾಡುವುದು ವಸ್ತುವನ್ನು, ರಾಬ್ ಮಾಡುವುದು ಮನುಷ್ಯನನ್ನು ಅಥವಾ ಬ್ಯಾಂಕನ್ನು. 'ಮೈ ಫೋನ್ ವಾಸ್ ರಾಬ್ಡ್' ಅಂದರೆ ಫೋನನ್ನೇ ಯಾರೋ ಅಡ್ಡಗಟ್ಟಿ ಸುಲಿದರು ಅಂದ ಹಾಗೆ.

ಠಾಣೆಗೆ ದೂರು ಕೊಡುವಾಗ ಈ ಪದಗಳ ತಲೆಬಿಸಿ ಬೇಡ. ಸೆಕ್ಷನ್ ಹಾಕುವುದು ಅವರ ಕೆಲಸ. ನೀವು ನಡೆದದ್ದನ್ನು ಬರೆಯಿರಿ: ಎಷ್ಟು ಜನ ಇದ್ದರು, ತಳ್ಳಿದರಾ, ಏನು ತೋರಿಸಿದರು, ಏನಂದರು, ಬೀಗ ಮುರಿದಿತ್ತಾ. ಕದ್ದದ್ದಕ್ಕೆ 'ಕಳೆದುಹೋಗಿದೆ' ಅಂತ ಮಾತ್ರ ಬರೆಯಬೇಡಿ, ಯಾರು ಹೇಳಿಕೊಟ್ಟರೂ ಸರಿ. ಹಾಗೆ ಬರೆದರೆ ಎಫ್‌ಐಆರ್ ಇರುವುದಿಲ್ಲ, ಹುಡುಕಲು ಕಳ್ಳನೂ ಇರುವುದಿಲ್ಲ.